ಶುಕ್ರವಾರದ ನಗು

2015ರಲ್ಲಿ ಸ್ಯಾಂಡಿ ಟಾಕ್ಸ್‌ವಿಗ್ ‘ದ ನ್ಯೂಸ್ ಕ್ವಿಜ್’ ಬಿಟ್ಟರು. ನನಗಾದದ್ದು ದುಃಖಕ್ಕಿಂತ ಹೆಚ್ಚಾಗಿ ಹೊಟ್ಟೆಯುರಿ, ಅವರನ್ನು ಕಸಿದುಕೊಂಡ ರಾಜಕೀಯದ ಮೇಲೆ.

ಬಿಬಿಸಿ ರೇಡಿಯೋ 4ರಲ್ಲಿ ಶುಕ್ರವಾರ ಸಂಜೆ ಆರೂವರೆ. ಬೇಸಿಗೆಯಲ್ಲಿ ನಮಗೆ ರಾತ್ರಿ ಹನ್ನೊಂದು. ಮನೆಯವರು ಏಳದಂತೆ ದಿಂಬಿಗೆ ಬಾಯೊತ್ತಿ ನಗುತ್ತಿದ್ದೆ. ಅಲ್ಲಿನ ಮಂತ್ರಿಗಳ ಹೆಸರು ಅರ್ಧ ಗೊತ್ತಿರಲಿಲ್ಲ. ಮಂತ್ರಿಗಳು ಅಂದರೆ ಏನೆಂದು ಗೊತ್ತಿತ್ತಲ್ಲ! ನಮ್ಮ ಖಾಸಗಿ ಎಫ್‌ಎಂಗಳಿಗೆ ಆಗ ಸ್ವಂತ ಸುದ್ದಿ ಓದಲೂ ಅನುಮತಿಯಿರಲಿಲ್ಲ, ಇನ್ನು ಸುದ್ದಿಯನ್ನು ಗೇಲಿ ಮಾಡುವ ಮಾತೆಲ್ಲಿ.

ಒಂಬತ್ತು ವರ್ಷ ರಾಜಕಾರಣಿಗಳನ್ನು ಕಾಲೆಳೆದವರು, ಕ್ಯಾಥರೀನ್ ಮೇಯರ್ ಜೊತೆ ಸೇರಿ ಮಹಿಳಾ ಸಮಾನತೆಗಾಗಿ ಪಕ್ಷವನ್ನೇ ಕಟ್ಟಲು ಹೊರಟರು. ನಕ್ಕು ಸುಮ್ಮನಾದದ್ದು ಸಾಕೆನಿಸಿತೇನೋ. ಒಳ್ಳೆಯ ಕೆಲಸಕ್ಕೆ ಹೊರಟವರನ್ನು ತಡೆಯಲು ಬಾಯಿ ಬರಲಿಲ್ಲ.

ಮುಂದಿನ ಸರಣಿಗೆ ಮೈಲ್ಸ್ ಜಪ್ ಬಂದರು. ಚೆನ್ನಾಗಿಯೇ ನಡೆಸಿದರು, ಅದೂ ಒಂದು ಬೇಸರ.