ಕೈಕೊಡೋದಕ್ಕೆ ಇಂಗ್ಲಿಷಲ್ಲಿ ಏನಂತಾರೆ ಮಿಸ್?

ಮಾಲೂರಿನಿಂದ ಮಾಸ್ತಿಗೆ ಹೊರಟ ಸಂಜೆ ಬಸ್ಸು. ಇಬ್ಬರ ಸೀಟಿನಲ್ಲಿ ನೀವು ಮೂರನೆಯವರು. 'ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಮ್ಮ' ಎಂದದ್ದೇ ಸಾಕು, ಪಕ್ಕದಾಕೆ ಕಿಟಕಿಗೆ ಸರಿದು ಜಾಗ ಕೊಟ್ಟಿದ್ದಾಳೆ. ಮುಂದಿನ ಸೀಟಿನಲ್ಲಿ ತೆಲುಗು, ಹಿಂದೆ ತಮಿಳು, ಕಂಡಕ್ಟರದು ಕನ್ನಡ. ಹೊರಗೆ ನೀಲಗಿರಿ ತೋಪು, ಕಡ್ಡಿ ನೆಟ್ಟು ದಾರ ಕಟ್ಟಿದ ಟೊಮೆಟೊ ತೋಟ.

ಇಳಿದು ಎರಡು ಬೀದಿ ದಾಟಿ. ಒಂದು ಮನೆಯ ಜಗಲಿಯ ಮೇಲೆ ಆರೇಳು ಹುಡುಗಿಯರು ನೋಟ್‌ಬುಕ್ಕು ತೆರೆದು ಕೂತಿದ್ದಾರೆ. ಪಿಯುಸಿ ಮುಗಿಸಿದವರು, ಕೆಲವರು ಕಾಲೇಜಿಗೆ, ಕೆಲವರು ನರಸಾಪುರದ ಫ್ಯಾಕ್ಟರಿಗಳಿಗೆ ಹೋಗಬೇಕೆಂದಿರುವವರು. ಒಡಿಶಾ, ಅಸ್ಸಾಂ ಕಡೆಯವರ ಜೊತೆ ರೂಮು ಹಂಚಿಕೊಳ್ಳಬೇಕಾಗಿ ಬಂದರೆ ಮಾತಾಡಲು ಇಂಗ್ಲಿಷ್ ಬೇಕು. ಮಿಸ್ಸು ಗೋಡೆಗೆ ಆನಿಸಿದ ಹಲಗೆಯ ಮೇಲೆ ಬರೆಯುತ್ತಾರೆ: ಗೆಟ್ ಆನ್ ವಿತ್.

'ಬಸ್ ಹತ್ತೋದು ಮಿಸ್!'

'ಅದು ಬರೀ ಗೆಟ್ ಆನ್. ಮುಂದೆ ವಿತ್ ಇದೆ ನೋಡು. ರೂಮಿನೋಳ ಜೊತೆ ಹೊಂದ್ಕೊಂಡಿರೋದು. ಗೆಟ್ ಅಲಾಂಗ್ ವಿತ್ ಅಂದ್ರೂ ಅದೇ.'

ಫಾಲ್ ಔಟ್ ಎಂದರೆ ಹೊರಗೆ ಬೀಳುವುದಲ್ಲ, ಜಗಳವಾಡಿ ಮಾತು ಬಿಡುವುದು. ಮೇಕ್ ಅಪ್ ಎಂದರೆ ಪೌಡರಲ್ಲ, ಮತ್ತೆ ರಾಜಿಯಾಗುವುದು. ಹಿಂದಿನ ಸಾಲಿನ ಹುಡುಗಿ ಪೆನ್ನು ಕೆಳಗಿಟ್ಟಳು. 'ಒಂದೊಂದು ಪದಾನೂ ಗೊತ್ತು. ಸೇರಿಸಿದ್ರೆ ಅರ್ಥಾನೇ ಬೇರೆ. ಹೆಂಗೆ ಕಲಿಯೋದು ಮಿಸ್?'

'ಅವಳು ಕೈಕೊಟ್ಟಳು ಅಂದ್ರೆ ಏನಮ್ಮ?'

'ನಂಬಿಸಿ ಮೋಸ ಮಾಡಿದ್ಳು ಅಂತ.'

'ಒಡಿಶಾದೋಳಿಗೆ ಅದು ಗೊತ್ತಾಗುತ್ತಾ? ಸಹಾಯಕ್ಕೆ ಕೈ ನೀಡಿದ್ಳು ಅಂದ್ಕೋತಾಳೆ. ಕೈಹಿಡಿದ, ಕೈಬಿಟ್ಟ, ಕೈಜೋಡಿಸಿದ. ಕೈ ಒಂದೇ, ಸಂಬಂಧ ನಾಲ್ಕು. ಇದನ್ನೆಲ್ಲ ನೀವು ಪಟ್ಟಿ ಮಾಡಿ ಕಲಿತ್ರಾ?'

ಹುಡುಗಿ ಪೆನ್ನು ಎತ್ತಿಕೊಂಡಳು. ಕೈಕೊಡುವುದಕ್ಕೆ ಲೆಟ್ ಡೌನ್. ಆದರೆ ನಡುವೆ ಜಾಗ ಬಿಡಬೇಕು: ಶೀ ಲೆಟ್ ಮಿ ಡೌನ್. 'ಮಿ' ಒಳಗೇ ಕೂರಬೇಕು, ಕೊನೆಗೆ ತಳ್ಳಿದರೆ ತಪ್ಪು. ಗೆಟ್ ಅಲಾಂಗ್ ವಿತ್ ಹಾಗಲ್ಲ, ಮೂರೂ ಒಟ್ಟಿಗೇ ಇದ್ದು 'ಹರ್' ಕೊನೆಗೆ ಬರುತ್ತದೆ. ಮಿಸ್ಸು ಬಾಣ ಎಳೆದು ತೋರಿಸುತ್ತಾರೆ, ಒರೆಸುತ್ತಾರೆ, ಮತ್ತೆ ಎಳೆಯುತ್ತಾರೆ. ಇಂಥ ಪಾಠಕ್ಕೆ ಈ ಊರು ತಕ್ಕ ಜಾಗ. ಇಲ್ಲಿನ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಮನೆಮಾತು ತಮಿಳು, ಎಂ.ಎ. ಮಾಡಿದ್ದು ಇಂಗ್ಲಿಷಿನಲ್ಲಿ, ಬದುಕಿಡೀ ಬರೆದದ್ದು ಕನ್ನಡದಲ್ಲಿ. ಜ್ಞಾನಪೀಠ ಬಂದದ್ದು 1983ರ ಸಾಲಿಗೆ. ಇನ್ನೊಂದು ಭಾಷೆ ಇಲ್ಲಿ ಮನೆಯ ಹೊಸಿಲು ದಾಟಿದರೆ ಎದುರಾಗುತ್ತದೆ.

ಈಗ ಹಲಗೆಯ ಮೇಲೆ ಪುಟ್ ಅಪ್ ವಿತ್. ಸಹಿಸಿಕೊಳ್ಳುವುದು. ಯಾರೂ ಅರ್ಥ ಕೇಳಲಿಲ್ಲ.

'ಹೊಂದ್ಕೊಳ್ಳೋದಕ್ಕೂ ಇದಕ್ಕೂ ಏನ್ ವ್ಯತ್ಯಾಸ?' ಮಿಸ್ಸೇ ಕೇಳಿದರು.

'ಹೊಂದ್ಕೊಳ್ಳೋದು ಇಬ್ಬರೂ ಮಾಡ್ತಾರೆ. ಇದು ಒಬ್ಬರೇ.'

ಹೇಳಿದವಳು ಹದಿನೆಂಟು ದಾಟದವಳು. ಅವಳ ಅಕ್ಕ ಕೆಲಸ ಮಾಡುವ ಕಡೆ ಸೂಪರ್‌ವೈಸರ್ ಸುಮ್ಮಸುಮ್ಮನೆ ಬಯ್ಯುತ್ತಾನಂತೆ. ಅದಕ್ಕೆ ಯಾವುದು ಬರೆಯಬೇಕು ಎಂದು ಕೇಳುತ್ತಾಳೆ.

ಹೊಂದಿಕೊಂಡು ಹೋಗಮ್ಮ ಎಂಬ ಮಾತನ್ನು ಈ ಮಕ್ಕಳು ಮನೆಯಲ್ಲೂ ನೆಂಟರ ಬಾಯಲ್ಲೂ ಸಾಕಷ್ಟು ಕೇಳಿದ್ದಾರೆ. ಇಂಗ್ಲಿಷ್ ಪಾಠವೂ ಅದನ್ನೇ ಹೇಳಿ ಮುಗಿದರೆ ಅನ್ಯಾಯ. ಆದ್ದರಿಂದ ಮಿಸ್ಸು ಹಲಗೆ ಪೂರ್ತಿ ಒರೆಸಿ ಎರಡು ಸಾಲು ಬರೆದಾಗ ನಿಮಗೆ ಸಮಾಧಾನವಾಗುತ್ತದೆ. ಸ್ಟ್ಯಾಂಡ್ ಅಪ್ ಟು: ಎದುರು ನಿಲ್ಲುವುದು. ಸ್ಟ್ಯಾಂಡ್ ಅಪ್ ಫಾರ್: ಪರವಾಗಿ ನಿಲ್ಲುವುದು.

'ಅಕ್ಕ ಅವನಿಗೆ ಟು. ನಾನು ಅಕ್ಕನಿಗೆ ಫಾರ್. ಅಲ್ವಾ ಮಿಸ್?'

'ಸರಿ. ಈಗ ಪೂರ್ತಿ ವಾಕ್ಯ ಮಾಡಿ ಜೋರಾಗಿ ಓದು.'