ಬೀಗ ಜೊತೆಗಿದ್ದರೆ ಎಲ್ಲಿ ಬೇಕಾದರೂ ಇಳಿಯಬಹುದು

ಸೈಕಲ್ ತುಳಿಯುವವರಿಗೆ ಊರು ಎರಡು ಥರ ಕಾಣುತ್ತೆ. ಬೀಗ ಇಲ್ಲದವರಿಗೆ ಅದು ಬರೀ ರಸ್ತೆ. ಬೀಗ ಇದ್ದವರಿಗೆ ಅದೇ ರಸ್ತೆಯಲ್ಲಿ ಇಡ್ಲಿ ಹೋಟೆಲ್ ಇದೆ, ಕೆರೆ ಏರಿ ಇದೆ, ಸೊಪ್ಪಿನ ಗಾಡಿ ಇದೆ. ಆರ್.ಟಿ. ನಗರದಿಂದ ಯಲಹಂಕಕ್ಕೆ ಸುಮಾರು 12 ಕಿಲೋಮೀಟರ್ ತುಳಿಯುವ ನನಗೆ ಈ ಹಾದಿ ಹೇಳಿಕೊಟ್ಟಿದ್ದು ಇಷ್ಟೇ: ಎಷ್ಟೇ ಗಟ್ಟಿ ಬೀಗವಾದರೂ ಸರಿ, ಹೊರೋದು ರಗಳೆ ಅನ್ನಿಸಿದರೆ ಅದು ಮನೇಲೇ ಉಳಿದುಬಿಡುತ್ತೆ.

ಅಜ್ಜಂದಿರ ಕಾಲದ ಕಪ್ಪು ಸೈಕಲ್‌ಗೆ ಈ ತಲೆನೋವೇ ಇರಲಿಲ್ಲ. ಹಿಂದಿನ ಚಕ್ರದ ಮೇಲೇ ಬೀಗ ಕೂತಿರ್ತಿತ್ತು. ಹಾಕಿದರೆ ಸ್ಪೋಕ್‌ಗಳ ನಡುವೆ ಕಂಬಿ ತೂರಿ ಚಕ್ರ ನಿಂತುಬಿಡ್ತಿತ್ತು. ಆ ಭಾರದ ಸೈಕಲ್ ಹೊತ್ತೊಯ್ಯೋಕೆ ಕಳ್ಳನೂ ಎರಡು ಸಲ ಯೋಚಿಸಬೇಕಿತ್ತು. ಈಗಿನ ಹಗುರ ಸೈಕಲ್ ಹಾಗಲ್ಲ. ಚಕ್ರ ತಿರುಗದಿದ್ದರೂ ಹೆಗಲಿಗೇರಿಸಿಕೊಂಡು ಹೋಗಬಹುದು. ಹಾಗಾಗಿ ಕಂಬಕ್ಕೆ ಕಟ್ಟಲೇಬೇಕು, ಕಟ್ಟೋ ಬೀಗವನ್ನು ಹೊರಲೇಬೇಕು.

ಎಲ್ಲಿ ಹೊರೋದು? ಅದನ್ನು ನೀವು ಇಳಿಯೋ ಜಾಗವೇ ಹೇಳುತ್ತೆ.

ಆರ್.ಟಿ. ನಗರದ ದರ್ಶಿನಿ ಮುಂದೆ ನಿಂತು ಕಾಫಿ ಕುಡಿಯೋ ಹತ್ತು ನಿಮಿಷಕ್ಕೆ, ಸೈಕಲ್ ಕಣ್ಣೆದುರೇ ಇದ್ದರೆ, ತೆಳು ಕೇಬಲ್ ಲಾಕ್ ಸಾಕು. ಅದನ್ನು ಸೀಟಿನ ಕೆಳಗಿನ ಕೊಳವೆಗೆ ಸುತ್ತಿ ಲಾಕ್ ಮಾಡಿ. ತುದಿ ಜೋತುಬಿದ್ದು ಹಿಂದಿನ ಟೈರ್‌ಗೆ ತಾಗದಂತೆ ನೋಡಿಕೊಂಡರೆ ಆಯ್ತು. ಹ್ಯಾಂಡಲ್‌ಗೆ ಮಾತ್ರ ನೇತುಹಾಕಬೇಡಿ. ತಿರುವಿನಲ್ಲಿ ಅದು ತೂಗಾಡುತ್ತೆ, ಮುಂದಿನ ಚಕ್ರಕ್ಕೆ ಸಿಕ್ಕಿಕೊಂಡರೆ ನೀವು ನೆಲದ ಮೇಲೆ.

ಯಶವಂತಪುರದ ಲೆಕ್ಕ ಬೇರೆ. ರೈಲ್ವೆ ಸ್ಟೇಷನ್, ಮೆಟ್ರೋ, ಎಪಿಎಂಸಿ ಮಾರುಕಟ್ಟೆ ಅಂತ ದಿನವಿಡೀ ಜನ. ಸೈಕಲ್ ಬಿಟ್ಟು ಹೋದರೆ ವಾಪಸ್ ಬರೋದು ಗಂಟೆಗಳ ಮೇಲೆ. ಕೇಬಲ್ಲನ್ನು ಸಣ್ಣ ಕಟರ್ ಕೂಡ ಕತ್ತರಿಸುತ್ತೆ, ಅದಕ್ಕೇ ಇಲ್ಲಿ ಗಟ್ಟಿ ಯು ಲಾಕ್ ಬೇಕು. ಫ್ರೇಮ್, ಹಿಂದಿನ ಚಕ್ರ, ನೆಲಕ್ಕೆ ಹೂತ ಕಂಬಿ, ಮೂರೂ ಒಂದೇ ಕೊಂಡಿಯೊಳಗೆ ಬರಬೇಕು. ತೂಕ ಒಂದು ಕಿಲೋ ದಾಟೋದು ಮಾಮೂಲಿ. ಫ್ರೇಮ್‌ಗೆ ಬಿಗಿಯೋ ಹಿಡಿಕೆ ಅದರ ಜೊತೆಗೇ ಬಂದರೆ ಒಳ್ಳೇದು. ಇಲ್ಲದಿದ್ದರೆ ಹಿಂದಿನ ಕ್ಯಾರಿಯರ್ ಮೇಲೆ ಅಡ್ಡ ಮಲಗಿಸಿ, ಕೊಕ್ಕೆ ಇರೋ ಇಲಾಸ್ಟಿಕ್ ಹಗ್ಗದಲ್ಲಿ ಕಟ್ಟಿ.

ಈ ಕಟ್ಟುವಿಕೆಗೆಲ್ಲ ಪರೀಕ್ಷೆ ಹೆಬ್ಬಾಳದಲ್ಲಿ. 2003ರಲ್ಲಿ ತೆರೆದ ಫ್ಲೈಓವರ್ ಸುತ್ತಮುತ್ತ ಬಸ್ಸು, ಲಾರಿ, ಏರ್‌ಪೋರ್ಟ್ ಟ್ಯಾಕ್ಸಿಗಳ ನಡುವೆ ಬೀಗ ಸಡಿಲವಾಯ್ತು ಅಂತ ನಿಲ್ಲೋಕಾಗಲ್ಲ. ಸರ್ವೀಸ್ ರಸ್ತೆಯ ಗುಂಡಿಗೆ ಹಿಡಿಕೆ ಗಡಗಡ ಅನ್ನುತ್ತೆ, ನಿಧಾನಕ್ಕೆ ಕೆಳಗೆ ಜಾರುತ್ತೆ. ಇದಕ್ಕೆ ಮದ್ದು ಪಂಕ್ಚರ್ ಅಂಗಡಿಯಲ್ಲಿದೆ. ಹಳೇ ಟ್ಯೂಬಿನ ಎರಡು ಬೆರಳಗಲದ ತುಂಡು ಕೇಳಿ ತಂದು, ಫ್ರೇಮ್‌ಗೆ ಸುತ್ತಿ, ಅದರ ಮೇಲೆ ಹಿಡಿಕೆ ಬಿಗಿಯಿರಿ. ಸದ್ದೂ ಇಲ್ಲ, ಬಣ್ಣವೂ ಕೆರೆಯಲ್ಲ.

ಬ್ಯಾಗಿನಲ್ಲಿ ಹಾಕಿಕೊಂಡರೆ ಆಗಲ್ವಾ? ಆಗುತ್ತೆ, ಆದರೆ ಬೆನ್ನು ಬೆವರುತ್ತೆ. ಅದಕ್ಕಿಂತ ಮುಖ್ಯವಾಗಿ, ಬಿದ್ದರೆ ಆ ಕಬ್ಬಿಣ ಬೆನ್ನುಮೂಳೆಗೇ ಒತ್ತುತ್ತೆ. ಹಾಕಲೇಬೇಕಾದರೆ ಬಟ್ಟೆಯಲ್ಲಿ ಸುತ್ತಿ, ಬೆನ್ನಿಗೆ ತಾಗದ ಕಡೆ ಇಡಿ. ಸರಪಳಿಯನ್ನು ಸೊಂಟಕ್ಕೆ ಸುತ್ತಿ ಬೀಗ ಹಾಕೋದಂತೂ ಬೇಡ. ಅಪಘಾತವಾದರೆ ಬಿಚ್ಚೋರಿಗೆ ಕೀಲಿ ಹುಡುಕೋ ಕೆಲಸ.

ಹೆಬ್ಬಾಳ, ಜಿಕೆವಿಕೆ ದಾಟಿದ ಮೇಲೆ ಉಸಿರು ಸಡಿಲ. ಜಕ್ಕೂರು ಕೆರೆ ಕಡೆ ತಿರುಗಿ, ಸೈಕಲ್ ಹೊರಗೆ ಕಟ್ಟಿ, ಕೊಕ್ಕರೆ ನೋಡುತ್ತಾ ಒಂದು ಸುತ್ತು ನಡೆದು ಬರ್ತೀನಿ. ಬೀಗ ಇಲ್ಲದಿದ್ದರೆ ಗೇಟಿನ ಹೊರಗಿಂದಲೇ ಇಣುಕಿ ಹೊರಡಬೇಕಿತ್ತು. ಯಲಹಂಕದಿಂದ ಭಾನುವಾರ ನಸುಕಿನಲ್ಲಿ ನಂದಿ ಬೆಟ್ಟಕ್ಕೆ ಹೊರಡೋರದು ಇನ್ನೊಂದು ಕಥೆ. 1,478 ಮೀಟರ್ ಎತ್ತರಕ್ಕೆ ಏರುವಾಗ ಪ್ರತಿ ನೂರು ಗ್ರಾಮೂ ಕಾಲಿಗೆ ಗೊತ್ತಾಗುತ್ತೆ. ಆಗ ನಾಲ್ವರ ಗುಂಪಿಗೆ ಒಂದೇ ಉದ್ದನೆ ಕೇಬಲ್ ಸಾಕು. ತಿಂಡಿಗೆ ನಿಂತಾಗ ನಾಲ್ಕೂ ಫ್ರೇಮ್‌ಗಳಿಗೆ ಪೋಣಿಸಿ, ಕಿಟಕಿ ಪಕ್ಕದ ಟೇಬಲ್ ಹಿಡಿಯಿರಿ.

ದಿನಾ ಆಫೀಸಿಗೆ ತುಳಿಯೋರಿಗೆ ನನ್ನ ಸಲಹೆ ಇನ್ನೂ ಸುಲಭ. ಸೆಕ್ಯುರಿಟಿಯವರನ್ನು ಕೇಳಿ, ಭಾರದ ಬೀಗವನ್ನು ಆಫೀಸ್ ಸ್ಟ್ಯಾಂಡಿನ ಕಂಬಿಗೇ ಬಿಟ್ಟುಬನ್ನಿ. ದಾರಿಯ ಕಾಫಿಗೆ, ಸೊಪ್ಪಿಗೆ ಹಗುರ ಕೇಬಲ್ ಸೈಕಲ್ ಮೇಲೇ ಇರಲಿ. ಎರಡೂ ಕೀಲಿ ಮನೆ ಕೀಲಿಯ ಗೊಂಚಲಿಗೇ ಸೇರಲಿ, ಆಗ ಮರೆಯೋ ಪ್ರಶ್ನೆಯೇ ಬರಲ್ಲ.

ಅಂಗಡಿಗೆ ಹೋಗಿ ಬೀಗದ ರೇಟು ಕೇಳೋ ಮೊದಲು ನಿಮ್ಮ ದಾರೀಲಿ ಇಳಿಯಬೇಕು ಅನ್ನಿಸೋ ಮೂರು ಜಾಗ ನೆನಪು ಮಾಡಿಕೊಳ್ಳಿ. ಸೈಕಲ್ಲನ್ನೂ ಅಂಗಡಿಗೆ ತಗೊಂಡು ಹೋಗಿ, ಬೀಗ ಅದರ ಮೇಲೆ ಎಲ್ಲಿ ಕೂರುತ್ತೆ ಅಂತ ನೋಡಿ, ಆಮೇಲೆ ದುಡ್ಡು ಕೊಡಿ.