ಅನುಭವಕ್ಕೆ ಸಾಕ್ಷಿ

ಒಬ್ಬನಿಗೆ ಒಂದು ವಿದ್ಯೆ ಬರುತ್ತದೆಯೋ ಇಲ್ಲವೋ ಎಂಬುದನ್ನು ತಿಳಿಯುವುದು ಹೇಗೆ? ಅಡಿಗೆಯವನಾದರೆ ಒಂದು ತುತ್ತು ಸಾರನ್ನ ಉಂಡು ತಿಳಿಯಬಹುದು. ಸಂಗೀತಗಾರನಾದರೆ ಒಂದು ಆಲಾಪನೆ ಕೇಳಿದರಾಯಿತು. ದರ್ಜಿಯ ಯೋಗ್ಯತೆ ಅಂಗಿ ತೊಟ್ಟ ಗಳಿಗೆಯಲ್ಲಿಯೇ ಬಯಲಾಗುತ್ತದೆ. ಮನೆಯ ನಕ್ಷೆ ಬರೆಯುವವನ ವಿಷಯ ಮಾತ್ರ ಹಾಗಲ್ಲ. ಅವನ ಕೆಲಸದ ರುಚಿ ನೋಡಬೇಕಾದರೆ ಮನೆ ಕಟ್ಟಿ ಮುಗಿಯಬೇಕು, ಗೃಹಪ್ರವೇಶದ ಊಟವಾಗಬೇಕು, ಬಂದ ನೆಂಟರು ಹೊರಡಬೇಕು, ಅದರ ಮೇಲೆ ನಾಲ್ಕಾರು ಮಳೆಗಾಲಗಳೂ ಕಳೆಯಬೇಕು. ಅಷ್ಟು ಹೊತ್ತಿಗೆ ಯಜಮಾನನ ಹಣ ಖರ್ಚಾಗಿರುತ್ತದೆ. ನಕ್ಷೆಯವನು ಬೇರೊಂದು ಬೀದಿಯಲ್ಲಿ ಬೇರೊಬ್ಬರ ಮನೆಗೆ ಗೆರೆ ಎಳೆಯುತ್ತಿರುತ್ತಾನೆ.

ಆದುದರಿಂದಲೇ ವೈದ್ಯರಿಗೆ, ವಕೀಲರಿಗೆ ಇರುವಂತೆ ವಾಸ್ತುಶಿಲ್ಪಿಗಳಿಗೂ ಒಂದು ಪಟ್ಟಿ ಬೇಕೆಂದು ಸರಕಾರಗಳು ಬಯಸಿದವು. ನಮ್ಮ ದೇಶದಲ್ಲಿ ಅಂಥ ಕಾಯಿದೆ ಬಂದದ್ದು 1972ರಲ್ಲಿ. ಅದರ ಪ್ರಕಾರ ರಿಜಿಸ್ಟರಿನಲ್ಲಿ ಹೆಸರಿಲ್ಲದವನು ತನ್ನನ್ನು 'ಆರ್ಕಿಟೆಕ್ಟ್' ಎಂದು ಕರೆದುಕೊಳ್ಳುವಂತಿಲ್ಲ. ಹೆಸರು ಸೇರಬೇಕಾದರೆ ಮಾನ್ಯತೆ ಪಡೆದ ಪದವಿ ಇರಬೇಕು. ಆದರೆ ಕಾನೂನು ಬರೆದವರು ಹೃದಯಹೀನರಲ್ಲ. ಕಾಲೇಜಿನ ಮುಖ ಕಾಣದೆ ಕೆಲಸದಿಂದಲೇ ಕೆಲಸ ಕಲಿತವರು ಅಂದಿನ ಭಾರತದಲ್ಲಿ ಊರೂರಿಗೂ ಇದ್ದರು. ಚಂಡೀಗಢ ನಗರವನ್ನು ರೂಪಿಸಿದ ಲೆ ಕಾರ್ಬೂಸಿಯೆ ಕೂಡ ವಾಸ್ತುಶಿಲ್ಪದ ಪದವಿ ಪಡೆದವರಲ್ಲ. ಇಂಥವರಿಗಾಗಿ ಕಾಯಿದೆಯ 25ನೆಯ ವಿಧಿಯಲ್ಲಿ ಒಂದು ಬಾಗಿಲನ್ನು ತೆರೆದಿಟ್ಟರು. ಪದವಿ ಇಲ್ಲದಿದ್ದರೂ ಚಿಂತೆಯಿಲ್ಲ. ಸರಕಾರ ಗೊತ್ತುಪಡಿಸುವ ದಿನಾಂಕಕ್ಕೆ ಮುಂಚೆ ಐದು ವರ್ಷಕ್ಕೆ ಕಡಿಮೆಯಿಲ್ಲದಂತೆ ವಾಸ್ತುಶಿಲ್ಪಿಯಾಗಿ ವೃತ್ತಿ ನಡೆಸಿದ ಭಾರತದ ಪ್ರಜೆಯಾಗಿದ್ದರೆ ಸಾಕು. ಅರ್ಜಿಗಳನ್ನು ಪರಿಶೀಲಿಸಲು ಮೂವರ ಮಂಡಲಿ. ಅದರ ತೀರ್ಮಾನ ಒಪ್ಪದವರಿಗೆ, ಪಟ್ಟಿ ಪ್ರಕಟವಾದ 30 ದಿನಗಳೊಳಗೆ ಮೇಲ್ಮನವಿ.

ಓದುವುದಕ್ಕೆ ಎಷ್ಟು ಸರಳವಾದ ಮಾತು! 'ಐದು ವರ್ಷ ವೃತ್ತಿ ನಡೆಸಿದ್ದರೆ ಸಾಕು.' ಆ ಮಾತಿನ ಒಳಗಿದ್ದ ತೊಡಕು ನನಗೆ ತಿಳಿದದ್ದು ನನ್ನ ಸೋದರಮಾವನ ದೆಸೆಯಿಂದ.

ಮಾವ ದಾವಣಗೆರೆಯವರು. ಹತ್ತಿ ಗಿರಣಿಗಳ ಕೊಳಾಯಿ ಹೊಗೆ ಊರ ಮೇಲೆ ತೇಲುತ್ತಿದ್ದ ಕಾಲದಲ್ಲಿ, 1961ರಲ್ಲಿ, ಒಬ್ಬ ಇಂಜಿನಿಯರರ ಕಚೇರಿಗೆ ನಕ್ಷೆಯ ಪ್ರತಿ ತೆಗೆಯಲು ಸೇರಿದರು. ಮೊದಲ ವರ್ಷ ಟ್ರೇಸಿಂಗ್ ಬಟ್ಟೆಯ ಮೇಲೆ ಇತರರ ಗೆರೆಗಳನ್ನು ತಿದ್ದುವ ಕೆಲಸ. ನಾಲ್ಕು ವರ್ಷ ಕಳೆಯುವುದರೊಳಗೆ ಆ ಕಚೇರಿಯ ಮನೆಗಳನ್ನೆಲ್ಲ ಅವರೇ ಯೋಚಿಸಿ ಬರೆಯುವಂತಾಯಿತು. ಮುಂದೆ ಮಂಡಿಪೇಟೆಯ ಹಿಂದಿನ ಒಂದು ಓಣಿಯಲ್ಲಿ ಸ್ವಂತ ಕೋಣೆ ಮಾಡಿದರು. ರಜೆಯಲ್ಲಿ ನಾನು ಅವರಲ್ಲಿಗೆ ಹೋದರೆ ಅಳತೆಪಟ್ಟಿಯ ಸೊನ್ನೆಯ ತುದಿಯನ್ನು ಗೋಡೆಗೆ ಒತ್ತಿ ಹಿಡಿಯುವುದು ನನ್ನ ಪಾಲಿನ ಕೆಲಸ. ಆ ಕೋಣೆಯ ಬಾಗಿಲಿನ ಮೇಲೆ, ಬಿಳಿಯ ಹಲಗೆಯಲ್ಲಿ ನೀಲಿಯ ಅಕ್ಷರಗಳಲ್ಲಿ, ಅವರ ಹೆಸರಿನ ಕೆಳಗೆ 'ಆರ್ಕಿಟೆಕ್ಟ್' ಎಂದು ಬರೆದಿತ್ತು.

ಮಾವ ಬರೆದ ಮನೆಗಳಲ್ಲಿ ಅಲಂಕಾರ ಕಡಿಮೆ, ವಿವೇಕ ಹೆಚ್ಚು. ಮೂವತ್ತು-ನಲವತ್ತು ಅಡಿಯ ನಿವೇಶನದಲ್ಲಿಯೂ ಅಡಿಗೆಯ ಮನೆಗೆ ಬೆಳಗಿನ ಬಿಸಿಲು ಬರಬೇಕು, ಪಡಸಾಲೆಯಲ್ಲಿ ಕುಳಿತ ಅತಿಥಿಗೆ ಬಚ್ಚಲಿನ ಬಾಗಿಲು ಕಾಣಬಾರದು, ಬೇಸಿಗೆಯ ಮಧ್ಯಾಹ್ನ ಮನೆಯ ಮುದುಕರು ಒರಗಲು ಗಾಳಿ ಆಡುವ ಒಂದು ಮೂಲೆ ಇರಬೇಕು. ಇವೆಲ್ಲ ಅವರಿಗೆ ಮುಖದ ಮೇಲಿನ ಮೂಗಿನಷ್ಟು ಸಹಜವಾಗಿದ್ದವು.

ಆದರೆ ಪುರಸಭೆಗೆ ಹೋಗುವ ನಕ್ಷೆಯ ಮೇಲೆ ಅವರ ಹೆಸರಿರುತ್ತಿರಲಿಲ್ಲ. ಅಲ್ಲಿ ಲೈಸೆನ್ಸು ಇದ್ದದ್ದು ಹಳೆಯ ಇಂಜಿನಿಯರರಿಗೆ. ಸಹಿ, ಮೊಹರು ಅವರವು. ಸಹಿಗೆ ಇಷ್ಟು, ನಕ್ಷೆಗೆ ಇಷ್ಟು ಎಂದು ಒಪ್ಪಂದ. ಯಾರಿಗೂ ಇದರಲ್ಲಿ ಅನ್ಯಾಯ ಕಂಡಿರಲಿಲ್ಲ. ಆ ಕಾಲದ ರೂಢಿಯೇ ಹಾಗಿತ್ತು.

ಕಾಯಿದೆಯ ಸುದ್ದಿ ತಿಳಿದಾಗ ಮಾವ ಸಂತೋಷದಿಂದಲೇ ಕಾಗದಗಳನ್ನು ಕೂಡಿಸತೊಡಗಿದರು. ಅವರ ಲೆಕ್ಕದಲ್ಲಿ ಐದಲ್ಲ, ಏಳು ವರ್ಷಗಳ ಸ್ವಂತ ಕೆಲಸವಿತ್ತು. ಅಳತೆಯ ಪುಸ್ತಕಗಳು, ಹಣ ಸಂದ ಚೀಟಿಗಳು, ನೀಲಿ ನಕ್ಷೆಯ ಸುರುಳಿಗಳು. ಒಂದೊಂದು ಸುರುಳಿ ಬಿಚ್ಚಿದಾಗಲೂ ಬಲಗಡೆಯ ಕೆಳಮೂಲೆಯಲ್ಲಿ ಅದೇ ಪರಕೀಯ ಸಹಿ! ಕಡೆಗೆ ಅವರು ಇಂಜಿನಿಯರರ ಮನೆಗೆ ಹೋಗಿ, ಇವೆಲ್ಲ ತಾವು ಬರೆದದ್ದೆಂದು ಒಂದು ಪತ್ರ ಕೊಡಬೇಕೆಂದು ಬೇಡಿದರು. ಆ ಹಿರಿಯರು ಕೋಪಿಸಿಕೊಳ್ಳಲಿಲ್ಲ. ಕನ್ನಡಕ ತೆಗೆದಿಟ್ಟು, "ನೋಡಪ್ಪಾ, ಗೆರೆ ಎಳೆದವನು ನೀನು, ನಿಜ. ಆದರೆ ಹೊಣೆ ಹೊತ್ತವನು ನಾನು. ಗೋಡೆ ಬಿದ್ದಿದ್ದರೆ ಕಚೇರಿಗೆ ಕರೆಯುತ್ತಿದ್ದುದು ನಿನ್ನನ್ನೋ, ನನ್ನನ್ನೋ?" ಎಂದರು.

ಈ ಪ್ರಶ್ನೆಯನ್ನು ಹಾರಿಸಿಬಿಡುವಂತಿಲ್ಲ. ವೃತ್ತಿ ನಡೆಸುವುದೆಂದರೆ ಕೈಚಳಕವೊಂದೇ ಅಲ್ಲ. ತಪ್ಪಾದರೆ ಎದುರಿಗೆ ಬಂದು ನಿಲ್ಲುವುದು. ಹಾಗೆ ನಿಂತವನಿಗೆ ಮಾತ್ರ 'ಅನುಭವ' ಎಂಬ ಮಾತು ಸಲ್ಲಬೇಕು. ಇಂಜಿನಿಯರರ ಮಾತು ಅಷ್ಟರ ಮಟ್ಟಿಗೆ ಸರಿಯೇ. ಆದರೆ ಎದುರಿಗೆ ಬಂದು ನಿಂತವರು ಯಾರೆಂಬುದನ್ನು ಹರಿಹರದ ಒಂದು ಮನೆ ಬಲ್ಲದು.

ದಾವಣಗೆರೆಯಿಂದ ಹರಿಹರಕ್ಕೆ ಸುಮಾರು 14 ಕಿಲೋಮೀಟರು. ಈ ಕಡೆಯ ಹೊಲಗಳಲ್ಲಿ ಎರೆಮಣ್ಣು ಹೆಚ್ಚು. ಹತ್ತಿಗೆ ತಾಯಿಯಂಥ ಮಣ್ಣು, ಮನೆಗೆ ಮಲತಾಯಿ. ಮಳೆ ಬಿದ್ದರೆ ಉಬ್ಬುತ್ತದೆ, ಬಿಸಿಲು ಹೊಡೆದರೆ ಕುಗ್ಗಿ ಕೈ ಹೋಗುವಷ್ಟು ಸೀಳುತ್ತದೆ. ಅದರ ಮೇಲೆ ಕುಳಿತ ಗೋಡೆ ವರ್ಷಕ್ಕೊಮ್ಮೆ ಏರಿಳಿಯುತ್ತದೆ. ಹರಿಹರದಲ್ಲಿ ಮಾವ ನಕ್ಷೆ ಬರೆದ ಒಂದು ಮನೆಗೆ ಎರಡನೆಯ ಮಳೆಗಾಲದ ಬಳಿಕ ಕಿಟಕಿಯ ಮೂಲೆಯಿಂದ ಓರೆಯಾಗಿ ಒಂದು ಬಿರುಕು ಹೊರಟಿತು. ಯಾರೂ ಹೇಳಿ ಕಳುಹಿಸಲಿಲ್ಲ. ಸುದ್ದಿ ಹೇಗೋ ಕಿವಿಗೆ ಬಿತ್ತು. ಮಾರನೆಯ ಬೆಳಗ್ಗೆ ಮಾವ ಬಸ್ಸು ಹತ್ತಿದರು, ಜೊತೆಗೆ ನಾನು.

ಅವರು ಮಾಡಿದ್ದು ನನಗೆ ಆಗ ವಿಚಿತ್ರವಾಗಿ ಕಂಡಿತು. ಬಿರುಕಿಗೆ ಗಾರೆ ಮೆತ್ತಲಿಲ್ಲ. ಬೆರಳಗಲದ ಒಂದು ಗಾಜಿನ ಪಟ್ಟಿಯನ್ನು ಬಿರುಕಿಗೆ ಅಡ್ಡಲಾಗಿಟ್ಟು ಎರಡು ತುದಿಗಳನ್ನು ಸಿಮೆಂಟಿನಿಂದ ಗೋಡೆಗೆ ಅಂಟಿಸಿದರು. ಪಕ್ಕದಲ್ಲಿ ಪೆನ್ಸಿಲಿನಿಂದ ದಿನಾಂಕ ಬರೆದರು. ಗೋಡೆ ಇನ್ನೂ ಚಲಿಸುತ್ತಿದ್ದರೆ ಗಾಜು ಒಡೆಯುತ್ತದೆ; ನಿಂತಿದ್ದರೆ ಉಳಿಯುತ್ತದೆ. ಗಾಜು ಎರಡು ಸಲ ಒಡೆಯಿತು. ಮಾವ ಮನೆಯ ಸುತ್ತ ನಡೆದು ನೋಡಿದರು. ಬಚ್ಚಲಿನ ನೀರು ಆ ಮೂಲೆಯ ಬುಡದಲ್ಲಿಯೇ ಇಂಗುತ್ತಿತ್ತು. ಮೋರಿಯನ್ನು ದೂರಕ್ಕೆ ತಿರುಗಿಸಿ, ಮಳೆನೀರು ಬುನಾದಿಯ ಬಳಿ ನಿಲ್ಲದಂತೆ ಗೋಡೆಯ ಸುತ್ತ ಹೊರಕ್ಕೆ ಇಳಿಜಾರಾಗಿ ಕಲ್ಲು ಹಾಸಿಸಿದರು. ಮೂರನೆಯ ಗಾಜು ಒಂದು ಮಳೆಗಾಲ, ಒಂದು ಬೇಸಿಗೆ ಕಳೆದರೂ ಒಡೆಯಲಿಲ್ಲ. ಆಮೇಲೆ ಬಿರುಕನ್ನು ಮುಚ್ಚಿಸಿದರು. ಆ ಒಂದೂವರೆ ವರ್ಷ ಬಸ್ಸಿನ ಚಾರ್ಜು ಅವರ ಕಿಸೆಯದೇ. ಸಹಿ ಹಾಕಿದವರಿಗೆ ಬಿರುಕಿನ ವಿಷಯ ತಿಳಿಯಲೇ ಇಲ್ಲ.

ಎರೆಮಣ್ಣಿಗೆ ಪುಸ್ತಕದಲ್ಲಿಯೂ ಮದ್ದುಂಟು. ರೂರ್ಕಿಯ ಕಟ್ಟಡ ಸಂಶೋಧನಾಲಯದವರು, ತಳದಲ್ಲಿ ಗೆಡ್ಡೆಯಂತೆ ಉಬ್ಬಿದ ಕಂಬಗಳನ್ನು ಭೂಮಿಯೊಳಗೆ ಇಳಿಸಿ ಇಂಥ ಮಣ್ಣನ್ನು ಗೆಲ್ಲುವ ವಿಧಾನವನ್ನು ಬೆಳೆಸಿದ್ದಾರೆ. ಅದನ್ನು ಮಾವನಿಗೆ ವಿವರಿಸಿದವನು ನಮ್ಮೂರ ಬಿ.ಡಿ.ಟಿ. ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದ ಒಬ್ಬ ತರುಣ. ಆ ಕಾಲೇಜು 1951ರಿಂದಲೂ ಊರಿನಲ್ಲಿದೆ. ಮಾವ ಆ ಹುಡುಗನ ಮುಂದೆ ವಿದ್ಯಾರ್ಥಿಯಂತೆ ಕುಳಿತು ಕೇಳಿದರು. ಕೈಯ ಅನುಭವಕ್ಕೂ ಪುಸ್ತಕದ ಅರಿವಿಗೂ ಜಗಳವಿದೆ ಎಂದು ಹೇಳುವವರು ಎರಡನ್ನೂ ಸರಿಯಾಗಿ ಕಂಡವರಲ್ಲ.

ಹರಿಹರದ ಯಜಮಾನರು ಪತ್ರವನ್ನು ಬರೆದುಕೊಟ್ಟರು. ನಾಲ್ಕೇ ಸಾಲು. ಕೊನೆಯ ಸಾಲಿನಲ್ಲಿ, 'ಬಿರುಕು ಬಂದಾಗ ಇವರು ಕರೆಯದೆಯೇ ಬಂದರು' ಎಂದಿತ್ತು. ಇದಕ್ಕಿಂತ ದೊಡ್ಡ ಯೋಗ್ಯತಾಪತ್ರವನ್ನು ನಾನು ಈವರೆಗೆ ಓದಿಲ್ಲ.

ಆದರೂ ಮಾವ ಅರ್ಜಿಯನ್ನು ಅಂಚೆಗೆ ಹಾಕಲಿಲ್ಲ. ಅತ್ತೆ ಅತ್ತರು, ನಮ್ಮ ತಾಯಿ ಬೈದರು. ಮಾವ ಹೇಳಿದ್ದು ಇಷ್ಟು: "ಇದನ್ನು ನಾನು ಬರೆದೆನೆಂದು ಸಾಧಿಸಬೇಕಾದರೆ, ಸಹಿ ಹಾಕಿದವರು ಬರೆಯಲಿಲ್ಲವೆಂದೂ ಸಾಧಿಸಬೇಕಲ್ಲ ಅಕ್ಕಾ! ಕೆಲಸ ಕಲಿಸಿದವರ ಮೇಲೆ ನಾನೇ ದೂರು ಬರೆದಂತಾಗುತ್ತದೆ." ಗೊತ್ತುಪಡಿಸಿದ ದಿನಾಂಕ ಕಳೆಯಿತು. ಬಾಗಿಲು ಮುಚ್ಚಿತು. ಪೇಂಟರನನ್ನು ಕರೆಸಿ ಹಲಗೆಯ ಮೇಲಿನ 'ಆರ್ಕಿಟೆಕ್ಟ್' ಎಂಬುದನ್ನು ಅಳಿಸಿ, 'ಕಟ್ಟಡಗಳ ನಕ್ಷೆ ಬರೆಯಲಾಗುವುದು' ಎಂದು ಬರೆಸಿದರು. ಗಿರಾಕಿಗಳು ಕಡಿಮೆಯಾಗಲಿಲ್ಲ. ಆದರೆ ಆ ಹಲಗೆಯ ಕೆಳಗೆ ಹಾಯುವಾಗ ಮಾವ ತಲೆಯೆತ್ತಿ ನೋಡುತ್ತಿರಲಿಲ್ಲವೆಂಬುದನ್ನು ನಾನು ಬಲ್ಲೆ.

ಕಾಯಿದೆ ಕಾಪಾಡುವುದು ಹೆಸರನ್ನೇ ಹೊರತು, ಹೆಸರಿಲ್ಲದವನು ನಕ್ಷೆ ಬರೆಯುವುದನ್ನೇ ತಡೆಯುವುದಿಲ್ಲವೆಂದು ಸುಪ್ರೀಂ ಕೋರ್ಟು 2020ರಲ್ಲಿ ತೀರ್ಪು ಕೊಟ್ಟಿತು. ಆ ತೀರ್ಪನ್ನು ಓದಲು ಮಾವ ಇರಲಿಲ್ಲ.

ಇದು ಒಬ್ಬರ ಮನೆಯ ಕಥೆ ಎಂದು ಓದುಗರು ಪುಟ ತಿರುವಬಾರದು. ಅನುಭವವನ್ನು ತೂಗುವ ಕೆಲಸ ಎಲ್ಲ ಕಡೆಯೂ ಇದೆ. ಅಮೆರಿಕದಲ್ಲಿ ವಾಸ್ತುಶಿಲ್ಪಿಯ ಲೈಸೆನ್ಸಿಗಾಗಿ ರೂಪಿಸಿದ ಪದ್ಧತಿಯಲ್ಲಿ 3,740 ಗಂಟೆಗಳ ಕೆಲಸವನ್ನು ಆರು ವಿಭಾಗಗಳಲ್ಲಿ ಲೆಕ್ಕಕೊಟ್ಟು, ಮೇಲ್ವಿಚಾರಕರಿಂದ ಒಪ್ಪಿಗೆ ಪಡೆಯಬೇಕು. ಬಹು ಹಿಂದೆ ದುಡಿದವರಿಗೆ ಗಂಟೆಯ ಲೆಕ್ಕ ಎಲ್ಲಿಂದ ಬರಬೇಕು? ಅಂಥವರು ಮಾಡಿದ ಕೆಲಸದ ನಮೂನೆಗಳನ್ನೇ ಕಡತ ಮಾಡಿ ತೋರಿಸುವ ದಾರಿಯನ್ನು 2016ರಲ್ಲಿ ಅಲ್ಲಿ ತೆರೆದರು. ನಮ್ಮಲ್ಲಿ ಗಾರೆ ಕೆಲಸದವರ, ಕಲ್ಲುಕುಟಿಗರ ಕಲ್ಯಾಣಕ್ಕೆಂದು 1996ರಲ್ಲಿ ಬಂದ ಕಾಯಿದೆ, ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿದವರು ನೋಂದಣಿಗೆ ಅರ್ಹರೆಂದು ಸಾರಿತು. 90 ದಿನ ದುಡಿಯುವುದು ಮೇಸ್ತ್ರಿಗೆ ಕಷ್ಟವಲ್ಲ. ವಾರಕ್ಕೊಬ್ಬ ಧಣಿಯ ಬಳಿ ದುಡಿಯುವವನಿಗೆ ಆ 90 ದಿನಗಳನ್ನು ಕಾಗದದ ಮೇಲೆ ಕೂಡಿಸುವುದು ಕಷ್ಟ. ಎಲ್ಲಿ ನೋಡಿದರೂ ತೊಡಕು ಒಂದೇ. ದುಡಿಮೆ ಒಬ್ಬನದು, ಅದಕ್ಕೆ ಸಾಕ್ಷಿ ಹೇಳುವ ಅಧಿಕಾರ ಇನ್ನೊಬ್ಬನದು.

ನಮ್ಮ ಭಾಷೆಯಲ್ಲಿ 'ಕಟ್ಟಿದ' ಎಂಬುದೂ ಉಂಟು, 'ಕಟ್ಟಿಸಿದ' ಎಂಬುದೂ ಉಂಟು. ಹರಿಹರದ ಹರಿಹರೇಶ್ವರ ದೇವಾಲಯವನ್ನು 1224ರ ಸುಮಾರಿನಲ್ಲಿ ಕಟ್ಟಿಸಿದವನು ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವ. ಕಟ್ಟಿಸಿದವನ ಹೆಸರನ್ನು ಶಾಸನ ಸಾರುತ್ತದೆ, ಅದು ನ್ಯಾಯವೇ. ಆದರೆ ಅದೇ ಹೊಯ್ಸಳರ ನಾಡಿನಲ್ಲಿ ಕೆತ್ತಿದವರೂ ತಮ್ಮ ಹೆಸರನ್ನು ಕಲ್ಲಿನಲ್ಲಿ ಬಿಟ್ಟುಹೋಗಿದ್ದಾರೆ. ನುಗ್ಗೇಹಳ್ಳಿಯ ಗುಡಿಯಲ್ಲಿ ಬೈಚೋಜ, ಮಲ್ಲಿತಮ್ಮ ಇಬ್ಬರ ಹೆಸರುಗಳೂ ಇವೆ. ಸೋಮನಾಥಪುರದಲ್ಲಿ ಮತ್ತೆ ಮಲ್ಲಿತಮ್ಮ ಕಾಣಿಸಿಕೊಳ್ಳುತ್ತಾನೆ. ಅವನ ಅನುಭವ ಎಷ್ಟು ವರ್ಷದ್ದೆಂದು ಯಾವ ಮಂಡಲಿಯೂ ಕೇಳಬೇಕಾಗಿಲ್ಲ. ವಿಗ್ರಹದ ಪೀಠವೇ ಅವನ ಪರವಾಗಿ ಸಾಕ್ಷಿ ನುಡಿಯುತ್ತದೆ.

ಇಂದಿಗೂ ದಾವಣಗೆರೆಯ, ಹರಿಹರದ ನಕ್ಷೆಯ ಕಚೇರಿಗಳಲ್ಲಿ ಐ.ಟಿ.ಐ. ಮುಗಿಸಿದ ಹುಡುಗ ಹುಡುಗಿಯರು ಕಂಪ್ಯೂಟರಿನ ಮುಂದೆ ಕುಳಿತು ಮನೆಗಳನ್ನು ಬರೆಯುತ್ತಿದ್ದಾರೆ. ನಕ್ಷೆಯ ಮೂಲೆಯಲ್ಲಿ 'ಬರೆದವರು', 'ಪರಿಶೀಲಿಸಿದವರು' ಎಂದು ಎರಡು ಚಿಕ್ಕ ಚೌಕಗಳಿರುವುದುಂಟು. ಮೊದಲನೆಯ ಚೌಕದಲ್ಲಿ ಪೂರ್ಣ ಹೆಸರು ಬರೆಯುವುದಕ್ಕೆ ಶಾಯಿ ಹೆಚ್ಚು ಬೇಕಾಗದು. ಸಹಿ ಹಾಕುವ ಹಿರಿಯರ ಹೊಣೆಯೂ ಅದರಿಂದ ಕಡಿಮೆಯಾಗದು. ಮುಂದೆ ಎಂದಾದರೂ ಆ ಹುಡುಗನ ಅನುಭವವನ್ನು ಯಾರಾದರೂ ತೂಗಲು ಕುಳಿತಾಗ, ಅವನು ತನ್ನದೆಂದು ಹೇಳಿಕೊಳ್ಳಲು ಗುರುವಿನ ಮೇಲೆ ದೂರು ಬರೆಯಬೇಕಾಗಿ ಬರುವುದಿಲ್ಲ.

ಮನೆ ಕಟ್ಟಿಸುವ ಗೃಹಸ್ಥರಲ್ಲಿಯೂ ನನ್ನದೊಂದು ಬಿನ್ನಹ. ಗೃಹಪ್ರವೇಶದ ದಿನ ಮೇಸ್ತ್ರಿಗೆ ಪಂಚೆ, ಬಡಗಿಗೆ ಶಲ್ಯ ಕೊಡುವ ಪದ್ಧತಿ ನಮ್ಮಲ್ಲಿದೆ. ಅದರ ಜೊತೆಗೆ, ಯಾರು ಯಾವ ಕೆಲಸವನ್ನು ಎಂದಿನಿಂದ ಎಂದಿನವರೆಗೆ ಮಾಡಿದರೆಂದು ಒಂದು ಹಾಳೆಯಲ್ಲಿ ಬರೆದು, ಸಹಿಮಾಡಿ ಕೊಡಿರಿ. ಪಂಚೆ ಎರಡು ವರ್ಷದಲ್ಲಿ ಹರಿಯುತ್ತದೆ. ಆ ಹಾಳೆ ಒಂದು ಬಾಳನ್ನು ಎತ್ತಿ ನಿಲ್ಲಿಸಬಹುದು.